ಸೊನ್ನೆಯಿಂದ ದೂರ ಸರಿದು ಕೇಳಿದವರು: ಎಡ್ವಿನ್ ಆರ್ಮ್‌ಸ್ಟ್ರಾಂಗ್

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಪ್ರಾಜೆಕ್ಟ್ ಒಂದು ಪುಟ್ಟ ರೇಡಾರ್. ಒಂದು ಎಸ್‌ಡಿಆರ್ ಬೋರ್ಡು, ಎರಡು ಆಂಟೆನಾ, ಒಂದು ಹಳೇ ಲ್ಯಾಪ್‌ಟಾಪ್, ನಾಲ್ಕು ಜನ ನಾವು. ಗ್ರೌಂಡಿನ ಆ ತುದಿಯಲ್ಲಿ ಒಂದು ದೊಡ್ಡ ತಗಡಿನ ಹಾಳೆ ನಿಲ್ಲಿಸಿ, ಅದರಿಂದ ವಾಪಸ್ ಬರೋ ಎಕೋ ಹಿಡಿಯೋದು ಗುರಿ. ಕೋಡ್ ಓಡಿಸಿದ್ವಿ. ಸ್ಪೆಕ್ಟ್ರಮ್‌ನ ಸರಿಯಾಗಿ ಮಧ್ಯದಲ್ಲಿ, ಸೊನ್ನೆ ಹರ್ಟ್ಸ್ ಹತ್ತಿರ, ಒಂದು ಉದ್ದನೆಯ ಮೊಳೆ ಹೊಡೆದ ಹಾಗೆ ಗೆರೆ ನಿಂತಿತ್ತು. ಮ್ಯಾಚ್ಡ್ ಫಿಲ್ಟರ್ ಹಾಕಿದ್ರೂ ಎಕೋ ಕಾಣಲಿಲ್ಲ, ಆ ಗೆರೆಯದ್ದೇ ದರ್ಬಾರು. ಆಂಟೆನಾ ಬಿಚ್ಚಿದ್ರೂ ಅದು ಹಾಗೇ ಇತ್ತು! ಮೂರು ವಾರ ಕೇಬಲ್ ಬದಲಾಯಿಸಿದ್ವಿ, ಡ್ರೈವರ್ ಬದಲಾಯಿಸಿದ್ವಿ, ಕೊನೆಗೆ ಒಬ್ಬರನ್ನೊಬ್ಬರು ಬೈದುಕೊಂಡ್ವಿ.

ನಮ್ಮ ಗೈಡ್ ಮೇಡಂ ಬಂದು ನೋಡಿ, ಇದು ಡಿಸಿ ಆಫ್‌ಸೆಟ್, ಇದರಿಂದ ಹೇಗೆ ತಪ್ಪಿಸಿಕೊಳ್ಳಬೇಕು ಅನ್ನೋದನ್ನ 1918ರಲ್ಲೇ ಒಬ್ಬರು ತೋರಿಸಿದ್ದಾರೆ, ಆರ್ಮ್‌ಸ್ಟ್ರಾಂಗ್ ಬಗ್ಗೆ ಓದಿಕೊಂಡು ಬನ್ನಿ ಅಂದ್ರು. ನಮ್ಮಲ್ಲೊಬ್ಬ ಚಂದ್ರನ ಮೇಲೆ ಕಾಲಿಟ್ಟವರಾ ಅಂತ ಕೇಳಿ ನಗೆಪಾಟಲಾದ. ಅವರಲ್ಲ. ಇವರು ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್. ಆದ್ರೆ ಚಂದ್ರನಿಗೂ ಇವರಿಗೂ ಒಂದು ನಂಟು ಇದೆ, ಅದಕ್ಕೆ ಆಮೇಲೆ ಬರ್ತೀನಿ. ಫಿಲ್ಟರ್ ಸರಿ ಮಾಡೋಕೆ ಅಂತ ಓದೋಕೆ ಶುರು ಮಾಡಿದವನು ಅವರ ಬದುಕಿನ ಕಥೆಯನ್ನೇ ಓದಿ ಮುಗಿಸಿದೆ.

ಅಟ್ಟದ ಮೇಲಿನ ಹುಡುಗ

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಜಾನ್ ಆರ್ಮ್‌ಸ್ಟ್ರಾಂಗ್ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನ ಅಮೆರಿಕ ಶಾಖೆಯಲ್ಲಿ ಕೆಲಸದಲ್ಲಿದ್ದರು. ತಾಯಿ ಎಮಿಲಿ ಶಾಲಾ ಶಿಕ್ಷಕಿಯಾಗಿದ್ದವರು. ಮೂರು ಮಕ್ಕಳಲ್ಲಿ ಇವನೇ ದೊಡ್ಡವನು, ಇಬ್ಬರು ತಂಗಿಯರು.

ಇನ್ನೂ ಚಿಕ್ಕವನಿದ್ದಾಗಲೇ ರುಮ್ಯಾಟಿಕ್ ಜ್ವರ ಬಂತು. ಅದರ ಹಿಂದೆಯೇ ಕೊರಿಯಾ ಅನ್ನೋ ನರಗಳ ಕಾಯಿಲೆ. ಮುಖ, ಭುಜ ತಾವಾಗೇ ಅದುರುತ್ತಿದ್ದವು. ಎರಡು ವರ್ಷ ಶಾಲೆ ಬಿಡಿಸಿ ಮನೆಯಲ್ಲೇ ಪಾಠ ಹೇಳಿಸಿದರು. ಆ ಅದುರು ಜೀವನಪೂರ್ತಿ ಉಳಿಯಿತು, ಉದ್ವೇಗವಾದಾಗ ಜಾಸ್ತಿಯಾಗುತ್ತಿತ್ತು. ಮಗನ ಆರೋಗ್ಯಕ್ಕಾಗಿ ಕುಟುಂಬ ನಗರ ಬಿಟ್ಟು ಹಡ್ಸನ್ ನದಿ ದಂಡೆಯ ಯಾಂಕರ್ಸ್ ಊರಿಗೆ ಬಂತು. ಅಲ್ಲಿ ಮನೆಯ ಮೇಲಟ್ಟದ ಕೋಣೆ ಅವನ ಲ್ಯಾಬ್ ಆಯಿತು.

ಒಂಟಿಯಾಗಿ ಕೂತು ತಂತಿ, ಕಾಯಿಲ್, ಬ್ಯಾಟರಿ ಜೋಡಿಸೋದೇ ಆಟ. ಆಗ ವೈರ್‌ಲೆಸ್ ಅಂದ್ರೆ ಮೋರ್ಸ್ ಕೋಡಿನ ಟಿಕ್ ಟಿಕ್ ಮಾತ್ರ. ದೂರದ ಸ್ಟೇಷನ್ನಿನ ಸದ್ದು ಕೇಳಬೇಕಾದರೆ ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು ಉಸಿರು ಹಿಡಿಯಬೇಕಿತ್ತು. ಹುಡುಗ ಅಂಗಳದಲ್ಲಿ 125 ಅಡಿ ಎತ್ತರದ ಆಂಟೆನಾ ಕಂಬ ನಿಲ್ಲಿಸಿದ. ಅದರ ತುದಿಗೆ ತಾನೇ ಹತ್ತಿ ಕೂರುತ್ತಿದ್ದ. ಎತ್ತರ ಅಂದ್ರೆ ಅವನಿಗೆ ಭಯವೇ ಇರಲಿಲ್ಲ.

1909ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಸೇರಿದ. ನಮ್ಮಲ್ಲಿ ಕೆಲವರು ಬೈಕಲ್ಲಿ ಬರ್ತಾರಲ್ಲ, ಹಾಗೇ ಯಾಂಕರ್ಸ್‌ನಿಂದ ಕೆಂಪು ಮೋಟಾರ್‌ಸೈಕಲ್ ಏರಿ ದಿನಾ ಕಾಲೇಜಿಗೆ. ಪುಸ್ತಕದಲ್ಲಿ ಇರೋದನ್ನ ಹಾಗೇ ಒಪ್ಪುವ ಜಾಯಮಾನ ಅಲ್ಲ, ಹಾಗಾಗಿ ಕೆಲವು ಮೇಷ್ಟ್ರುಗಳಿಗೆ ಇವನನ್ನ ಕಂಡರೆ ಆಗುತ್ತಿರಲಿಲ್ಲ. ಪ್ರೊಫೆಸರ್ ಮೈಕೇಲ್ ಪ್ಯೂಪಿನ್ ಮಾತ್ರ ಇವನ ಬೆನ್ನಿಗೆ ನಿಂತರು.

ಮೊದಲ ಗೆಲುವು, ಮೊದಲ ಕೇಸು

ಆಗ ಲೀ ಡಿ ಫಾರೆಸ್ಟ್ ಎಂಬವರು ಆಡಿಯಾನ್ ಅನ್ನೋ ಮೂರು ಎಲೆಕ್ಟ್ರೋಡಿನ ಟ್ಯೂಬ್ ಮಾಡಿದ್ದರು. ಅದು ಕೆಲಸ ಮಾಡುತ್ತಿತ್ತು, ಆದರೆ ಹೇಗೆ ಮಾಡುತ್ತದೆ ಅನ್ನೋದು ಮಾಡಿದವರಿಗೇ ಸ್ಪಷ್ಟವಿರಲಿಲ್ಲ. ಇನ್ನೂ ವಿದ್ಯಾರ್ಥಿಯಾಗಿದ್ದ ಆರ್ಮ್‌ಸ್ಟ್ರಾಂಗ್ ಆ ಟ್ಯೂಬನ್ನ ಕೂತು ಅಳೆದ. 1912ರಲ್ಲಿ ಟ್ಯೂಬಿನ ಔಟ್‌ಪುಟ್‌ನ ಒಂದು ಪಾಲನ್ನ ಮತ್ತೆ ಇನ್‌ಪುಟ್‌ಗೆ ತಂದು ಕೊಟ್ಟ. ಅದೇ ಪಾಸಿಟಿವ್ ಫೀಡ್‌ಬ್ಯಾಕ್. ಪಿಸುಗುಡುತ್ತಿದ್ದ ದೂರದ ಸ್ಟೇಷನ್ನುಗಳು ಕೋಣೆಯೆಲ್ಲಾ ತುಂಬುವಷ್ಟು ಜೋರಾದವು. ಫೀಡ್‌ಬ್ಯಾಕ್ ಇನ್ನೂ ಹೆಚ್ಚಿಸಿದರೆ ಟ್ಯೂಬ್ ತಾನೇ ಆಸಿಲೇಟ್ ಆಗುತ್ತಿತ್ತು. ಅಂದರೆ ರಿಸೀವರ್ರೂ ಅದೇ, ಟ್ರಾನ್ಸ್‌ಮಿಟರ್ರೂ ಅದೇ. ಇವತ್ತು ನಾವು ಥರ್ಡ್ ಸೆಮ್ಮಲ್ಲಿ ಬಾಯಿಪಾಠ ಮಾಡೋ ಆಸಿಲೇಟರ್ ಸರ್ಕ್ಯೂಟುಗಳ ಬೇರು ಇಲ್ಲಿದೆ.

ಪೇಟೆಂಟಿಗೆ ದುಡ್ಡು ಬೇಕಿತ್ತು. ಮೊದಲು ಡಿಗ್ರಿ ಮುಗಿಸು ಅಂತ ತಂದೆ ಕೊಡಲಿಲ್ಲ. ಮೋಟಾರ್‌ಸೈಕಲ್ ಮಾರಿದರೂ ಸಾಕಾಗಲಿಲ್ಲ. ಕೊನೆಗೆ 1913ರ ಜನವರಿ 31ರಂದು ಸರ್ಕ್ಯೂಟ್ ಚಿತ್ರ ಬರೆದು ನೋಟರಿ ಮುದ್ರೆ ಹಾಕಿಸಿಕೊಂಡ. ಈ ತಾರೀಖು ನೆನಪಿಟ್ಟುಕೊಳ್ಳಿ. ಪೇಟೆಂಟ್ ಅರ್ಜಿ ಹೋಗಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ, ಸಿಕ್ಕಿದ್ದು 1914ರಲ್ಲಿ.

1914ರ ಚಳಿಗಾಲದ ಒಂದು ರಾತ್ರಿ ನ್ಯೂಜೆರ್ಸಿಯ ಬೆಲ್ಮಾರ್‌ನಲ್ಲಿದ್ದ ಮಾರ್ಕೋನಿ ಕಂಪನಿಯ ಸ್ಟೇಷನ್ನಿನಲ್ಲಿ ಈ ರಿಸೀವರಿನ ಪರೀಕ್ಷೆ ನಡೆಯಿತು. ಹವಾಯಿಯ ಹೊನೊಲುಲುವಿನ ಸಿಗ್ನಲ್ ಕೂಡ ಕೇಳಿಸಿತು. ಆ ರಾತ್ರಿ ಪಕ್ಕದಲ್ಲಿ ಕೂತು ಹೆಡ್‌ಫೋನ್ ಹಂಚಿಕೊಂಡ ಕಂಪನಿಯ ಯುವಕನ ಹೆಸರು ಡೇವಿಡ್ ಸಾರ್ನಾಫ್. ಇಬ್ಬರೂ ಗೆಳೆಯರಾದರು. ಮುಂದೆ ಸಾರ್ನಾಫ್ ಆರ್‌ಸಿಎ ಅನ್ನೋ ದೈತ್ಯ ರೇಡಿಯೋ ಕಂಪನಿಯ ಮುಖ್ಯಸ್ಥರಾದರು. ಈ ಗೆಳೆತನದ ಕೊನೆ ಹೇಗಾಯಿತು ಅನ್ನೋದೇ ಈ ಕಥೆಯ ನೋವು.

ಡಿ ಫಾರೆಸ್ಟ್ ಸುಮ್ಮನಿರಲಿಲ್ಲ. ಫೀಡ್‌ಬ್ಯಾಕ್ ನನ್ನದು ಅಂತ ಅವರೂ ಅರ್ಜಿ ಹಾಕಿದರು. ಶುರುವಾದ ಕೇಸು ಸುಮಾರು 20 ವರ್ಷ ಎಳೆಯಿತು. 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಡಿ ಫಾರೆಸ್ಟ್ ಪರ ತೀರ್ಪು ಕೊಟ್ಟಿತು. ತೀರ್ಪು ಓದಿದ ಎಂಜಿನಿಯರುಗಳಲ್ಲಿ ಬಹಳ ಜನರಿಗೆ ಕೋರ್ಟಿಗೆ ತಾಂತ್ರಿಕ ವಿಷಯವೇ ಅರ್ಥವಾಗಿಲ್ಲ ಅನ್ನಿಸಿತು. ಆರ್ಮ್‌ಸ್ಟ್ರಾಂಗ್ ಅವರು ರೇಡಿಯೋ ಎಂಜಿನಿಯರುಗಳ ಸಂಸ್ಥೆಯ ಸಭೆಗೆ ಹೋಗಿ, ಇದೇ ಶೋಧನೆಗೆ ತಮಗೆ ಕೊಟ್ಟಿದ್ದ ಪದಕವನ್ನ ಹಿಂದಿರುಗಿಸಲು ಮುಂದಾದರು. ಸಂಸ್ಥೆ ಅದನ್ನ ವಾಪಸ್ ತೆಗೆದುಕೊಳ್ಳಲಿಲ್ಲ, ಪದಕ ನಿಮ್ಮದೇ ಅಂತ ಮತ್ತೊಮ್ಮೆ ಸಾರಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೋರ್ಟಲ್ಲಿ ಸೋತರು, ತಮ್ಮವರ ನಡುವೆ ಸೋಲಲಿಲ್ಲ.

ಪ್ಯಾರಿಸ್, 1918: ಜಾಗ ಬದಲಿಸೋ ಉಪಾಯ

ಈಗ ನಮ್ಮ ಪ್ರಾಜೆಕ್ಟಿಗೆ ಬೇಕಾದ ಭಾಗಕ್ಕೆ ಬಂದೆ. ಮೊದಲ ಮಹಾಯುದ್ಧದಲ್ಲಿ ಆರ್ಮ್‌ಸ್ಟ್ರಾಂಗ್ ಅಮೆರಿಕ ಸೇನೆಯ ಸಿಗ್ನಲ್ ಕೋರ್ ಸೇರಿ 1917ರಲ್ಲಿ ಪ್ಯಾರಿಸ್‌ಗೆ ಹೋದರು. ಅಲ್ಲಿ ಒಂದು ತೊಡಕು ಕಾದಿತ್ತು. ಹೆಚ್ಚಿನ ಫ್ರೀಕ್ವೆನ್ಸಿಯ ಕ್ಷೀಣ ಸಿಗ್ನಲ್ಲುಗಳನ್ನ ಹಿಡಿಯಬೇಕು, ಆದರೆ ಆಗಿನ ಟ್ಯೂಬುಗಳು ಮೆಗಾಹರ್ಟ್ಸ್ ಹತ್ತಿರ ಹೋದರೆ ಆಂಪ್ಲಿಫೈ ಮಾಡುತ್ತಲೇ ಇರಲಿಲ್ಲ. ಟ್ಯೂಬಿನೊಳಗಿನ ಕೆಪ್ಯಾಸಿಟೆನ್ಸ್ ಎಲ್ಲವನ್ನೂ ನುಂಗುತ್ತಿತ್ತು. ಒಂದು ರಾತ್ರಿ ಪ್ಯಾರಿಸ್ ಮೇಲೆ ಜರ್ಮನ್ ವಿಮಾನಗಳು ಬಾಂಬ್ ಹಾಕುತ್ತಿದ್ದದ್ದನ್ನು ನೋಡುತ್ತಾ ಅವರಿಗೆ ಒಂದು ಯೋಚನೆ ಬಂತು: ವಿಮಾನದ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗುಗಳೂ ಪುಟ್ಟ ರೇಡಿಯೋ ಅಲೆ ಸೂಸುತ್ತವೆ, ಅದನ್ನ ಹಿಡಿದರೆ ಕತ್ತಲಲ್ಲೂ ವಿಮಾನ ಎಲ್ಲಿದೆ ಅಂತ ತಿಳಿದು ಫಿರಂಗಿ ತಿರುಗಿಸಬಹುದಲ್ಲ? ರೇಡಾರ್ ಅನ್ನೋ ಪದ ಹುಟ್ಟುವುದಕ್ಕೆ ಇನ್ನೂ ಎರಡು ದಶಕ ಇತ್ತು.

ಎಲ್ಲರೂ ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡೋ ಟ್ಯೂಬಿಗಾಗಿ ಹುಡುಕಾಡುತ್ತಿದ್ದಾಗ ಇವರು ಟ್ಯೂಬನ್ನ ಹಾಗೇ ಬಿಟ್ಟು ಸಿಗ್ನಲ್ಲಿನ ಜಾಗವನ್ನೇ ಬದಲಿಸಿದರು. ಬಂದ ಸಿಗ್ನಲ್ಲಿಗೆ ಲೋಕಲ್ ಆಸಿಲೇಟರಿನ ಅಲೆ ಬೆರೆಸಿದರೆ ಎರಡರ ವ್ಯತ್ಯಾಸದ ಫ್ರೀಕ್ವೆನ್ಸಿ ಹುಟ್ಟುತ್ತದೆ. ಆ ವ್ಯತ್ಯಾಸವನ್ನ ಟ್ಯೂಬು ಚೆನ್ನಾಗಿ ಕೆಲಸ ಮಾಡೋ ಕಡೆ ಇಟ್ಟು, ಅಲ್ಲೇ ಚೆನ್ನಾಗಿ ಆಂಪ್ಲಿಫೈ ಮಾಡಿ, ಆಮೇಲೆ ಧ್ವನಿ ತೆಗೆಯೋದು. ಇದೇ ಸೂಪರ್‌ಹೆಟರೊಡೈನ್. ಫ್ರಾನ್ಸ್‌ನಲ್ಲಿ 1918ರ ಡಿಸೆಂಬರ್ 30ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ನ್ಯಾಯವಾಗಿ ಹೇಳೋದಾದ್ರೆ ಫ್ರಾನ್ಸ್‌ನ ಲೂಸಿಯೆನ್ ಲೆವಿ, ಜರ್ಮನಿಯ ವಾಲ್ಟರ್ ಶಾಟ್ಕಿ ಕೂಡ ಅದೇ ಕಾಲಕ್ಕೆ ಅದೇ ದಾರಿಯಲ್ಲಿ ಯೋಚಿಸಿದ್ದರು. ಅದನ್ನ ಒಂದು ಪೂರ್ತಿ ರಿಸೀವರ್ ಆಗಿ ಕಟ್ಟಿ ನಿಲ್ಲಿಸಿದ ಹೆಸರು ಮಾತ್ರ ಆರ್ಮ್‌ಸ್ಟ್ರಾಂಗ್ ಅವರದ್ದು.

ನಮ್ಮ ಊರಿನ ಉದಾಹರಣೆ ತಗೊಳ್ಳಿ. ಬೆಂಗಳೂರಿನ ಆಕಾಶವಾಣಿ 612 ಕಿಲೋಹರ್ಟ್ಸ್. ಅಜ್ಜನ ಕಾಲದ ಟ್ರಾನ್ಸಿಸ್ಟರ್ ಸೆಟ್ಟಿನೊಳಗೆ ಆಸಿಲೇಟರ್ 1067ಕ್ಕೆ ನಿಲ್ಲುತ್ತದೆ, ವ್ಯತ್ಯಾಸ 455. ಬೇರೆ ಸ್ಟೇಷನ್ನಿಗೆ ತಿರುಗಿಸಿದರೆ ಆಸಿಲೇಟರೂ ಜೊತೆಗೇ ತಿರುಗಿ ವ್ಯತ್ಯಾಸ ಮತ್ತೆ 455ಕ್ಕೇ ಬರುತ್ತದೆ. ಎಫ್‌ಎಂ ಆದರೆ 101.3 ಮೆಗಾಹರ್ಟ್ಸ್‌ಗೆ ಆಸಿಲೇಟರ್ 112.0, ವ್ಯತ್ಯಾಸ 10.7. ಇದೇ ಐಎಫ್.

ಇದಕ್ಕೂ ನಮ್ಮ ಮೊಳೆಗೂ ಏನು ಸಂಬಂಧ? ನಮ್ಮ ಎಸ್‌ಡಿಆರ್ ಬೋರ್ಡು ಐಎಫ್ ಇಲ್ಲದ, ನೇರವಾಗಿ ಸೊನ್ನೆಗೆ ಇಳಿಸೋ ಜಾತಿಯದ್ದು. ಕಡಿಮೆ ಬಿಡಿಭಾಗ, ಕಡಿಮೆ ಬೆಲೆ. ಆದ್ರೆ ಲೋಕಲ್ ಆಸಿಲೇಟರ್ ಸ್ವಲ್ಪ ಸೋರಿ ಮಿಕ್ಸರಿನ ಇನ್ನೊಂದು ಬಾಯಿಗೂ ಬಂದು, ತನ್ನ ಜೊತೆ ತಾನೇ ಬೆರೆತುಬಿಡುತ್ತದೆ. ಒಂದೇ ಫ್ರೀಕ್ವೆನ್ಸಿಯಿಂದ ಅದನ್ನೇ ಕಳೆದರೆ ಸೊನ್ನೆ, ಅಂದರೆ ಡಿಸಿ. ಅದರ ಮೇಲೆ ಎಡಿಸಿಯ ಆಫ್‌ಸೆಟ್ಟೂ ಸೇರಿಕೊಳ್ಳುತ್ತದೆ. ಎಕೋ ಕೂತಿರೋ ಜಾಗದಲ್ಲೇ ಕಸವೂ ಕೂತಿದೆ. ಆರ್ಮ್‌ಸ್ಟ್ರಾಂಗ್ ರಿಸೀವರಿನಲ್ಲಿ ಸಿಗ್ನಲ್ ಸೊನ್ನೆಯಿಂದ ದೂರ ಐಎಫ್‌ನಲ್ಲಿ ಇರುತ್ತದೆ, ಅಲ್ಲಿನ ಟ್ಯೂನ್ ಮಾಡಿದ ಟ್ರಾನ್ಸ್‌ಫಾರ್ಮರುಗಳು ಡಿಸಿಯನ್ನ ದಾಟೋಕೇ ಬಿಡೋದಿಲ್ಲ.

ಲೆಕ್ಕದಲ್ಲಿ ಅದೇ ಉಪಾಯ

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ, ಬರೀ ಕೂಡೋದು ಕಳೆಯೋದು.

ಮ್ಯಾಚ್ಡ್ ಫಿಲ್ಟರ್ ಅಂದರೆ ಕಳಿಸಿದ ಪಲ್ಸಿನ ಆಕಾರವನ್ನೇ ತಿರುಗಿಸಿ ಫಿಲ್ಟರಿನ ಕೋಎಫಿಶಿಯೆಂಟ್ ಮಾಡಿಕೊಳ್ಳೋದು. ಬಿಳಿ ಗದ್ದಲದಲ್ಲಿ ಇದಕ್ಕಿಂತ ಒಳ್ಳೆ ಎಸ್‌ಎನ್‌ಆರ್ ಕೊಡೋ ಲೀನಿಯರ್ ಫಿಲ್ಟರ್ ಇನ್ನೊಂದಿಲ್ಲ. ಇದನ್ನ 1943ರಲ್ಲಿ ತೋರಿಸಿದವರು ಡಿ. ಒ. ನಾರ್ತ್. ಅವರು ಕೆಲಸ ಮಾಡುತ್ತಿದ್ದದ್ದು ಎಲ್ಲಿ ಗೊತ್ತಾ? ಆರ್‌ಸಿಎ ಲ್ಯಾಬಿನಲ್ಲಿ.

ನಾವು ಕಳಿಸುತ್ತಿದ್ದದ್ದು 13 ಅಂಕಿಯ ಬಾರ್ಕರ್ ಕೋಡ್. ಅದರಲ್ಲಿ ಒಂಬತ್ತು ಪ್ಲಸ್ ಒಂದು, ನಾಲ್ಕು ಮೈನಸ್ ಒಂದು. ಎಕೋ ಸರಿಯಾಗಿ ಹೊಂದಿದಾಗ ಫಿಲ್ಟರ್ 13 ಪಟ್ಟು ಕೊಡುತ್ತದೆ. ಡಿಸಿ ಬಂದರೆ? ಕೋಎಫಿಶಿಯೆಂಟುಗಳ ಮೊತ್ತದಷ್ಟು ಪಟ್ಟು ಕೊಡುತ್ತದೆ, 9 ಕಳೆ 4, ಅಂದರೆ 5. ನಮ್ಮ ಆಫ್‌ಸೆಟ್ ಎಕೋಗಿಂತ 10 ಪಟ್ಟು ದೊಡ್ಡದಿದ್ದರೆ ಎಕೋ 13, ಕಸ 50. ಮೂರು ವಾರ ನಾವು ನೋಡಿದ್ದು ಈ ಕಸವನ್ನೇ.

ಪರಿಹಾರ ಒಂದೇ ಗೆರೆಯದ್ದು: ಕೋಎಫಿಶಿಯೆಂಟುಗಳ ಮೊತ್ತ ಸೊನ್ನೆ ಮಾಡಿ. ಪ್ರತಿಯೊಂದರಿಂದ ಸರಾಸರಿ 5/13, ಅಂದರೆ ಸುಮಾರು 0.385 ಕಳೆದರೆ ಪ್ಲಸ್ಸುಗಳು 0.615 ಆಗುತ್ತವೆ, ಮೈನಸ್ಸುಗಳು -1.385. ಈಗ ಡಿಸಿ ಎಷ್ಟೇ ದೊಡ್ಡದಿರಲಿ, ಫಿಲ್ಟರಿನ ಉದ್ದಕ್ಕೂ ಒಂದೇ ಸಮ ಇದ್ದರೆ ಔಟ್‌ಪುಟ್ ಸೊನ್ನೆ. ಬಿಟ್ಟಿ ಅಲ್ಲ ಮತ್ತೆ. ಪೀಕ್ 13ರಿಂದ 11.08ಕ್ಕೆ ಇಳಿಯುತ್ತದೆ, ಎಸ್‌ಎನ್‌ಆರ್ ಸುಮಾರು 0.7 ಡಿಬಿ ಹೋಗುತ್ತದೆ, ಅಂದರೆ ರೇಡಾರ್ ನೋಡೋ ದೂರದಲ್ಲಿ ಸುಮಾರು ಶೇಕಡಾ 4 ಕಡಿಮೆ. ಸೈಡ್‌ಲೋಬ್ ಕೂಡ ಕೆಡುತ್ತದೆ: ಮೊದಲು ಪೀಕಿಗಿಂತ 22.3 ಡಿಬಿ ಕೆಳಗಿದ್ದದ್ದು ಈಗ 17.1 ಡಿಬಿ ಮಾತ್ರ ಕೆಳಗೆ. ದೊಡ್ಡ ಗುರಿಯ ಪಕ್ಕ ಚಿಕ್ಕ ಗುರಿ ಇದ್ದರೆ ಅದು ಮುಚ್ಚಿಹೋಗಬಹುದು.

ಕೋಡೇ ಇಲ್ಲದ ಸಾದಾ ಚೌಕ ಪಲ್ಸ್ ಆದರೆ ಗತಿ ಇನ್ನೂ ಕೆಟ್ಟದ್ದು. ಕೋಎಫಿಶಿಯೆಂಟುಗಳೆಲ್ಲ 1, ಸರಾಸರಿಯೂ 1. ಕಳೆದರೆ ಫಿಲ್ಟರೇ ಉಳಿಯೋದಿಲ್ಲ! ಪಲ್ಸ್ ಕೂಡ ಡಿಸಿಯಂತೆಯೇ ಇರುವಾಗ ಎರಡನ್ನ ಬೇರೆ ಮಾಡೋದಾದರೂ ಹೇಗೆ?

ಇಲ್ಲಿ ಆರ್ಮ್‌ಸ್ಟ್ರಾಂಗ್ ಬರ್ತಾರೆ. ಸೊನ್ನೆಯಲ್ಲಿ ಕುಸ್ತಿ ಆಡೋದು ಬಿಟ್ಟು, ಎಕೋ ಸ್ಯಾಂಪ್ಲಿಂಗ್ ದರದ ನಾಲ್ಕನೇ ಒಂದು ಭಾಗದಲ್ಲಿ ಬರೋ ಹಾಗೆ ಆಸಿಲೇಟರನ್ನ ಸರಿಸಿ. ಅದೇ ಚೌಕ ಪಲ್ಸಿನ ಕೋಎಫಿಶಿಯೆಂಟುಗಳು ಈಗ 1, j, -1, -j ಅಂತ ಸುತ್ತುತ್ತವೆ (ತಿರುಗಿಸಿದಾಗ ದಿಕ್ಕು ಬದಲಾಗುತ್ತದೆ, ಅಷ್ಟೇ). ನಾಲ್ಕನ್ನ ಕೂಡಿಸಿ: ಸೊನ್ನೆ. ಪಲ್ಸಿನ ಉದ್ದ ನಾಲ್ಕರ ಗುಣಕ ಇದ್ದರೆ ಸಾಕು, ಡಿಸಿ ತಾನಾಗೇ ಮಾಯ, ನಷ್ಟ ಒಂದು ಚೂರೂ ಇಲ್ಲ. ಬಾರ್ಕರ್ ಕೋಡಿನ ಪ್ರತಿ ಅಂಕಿಗೆ ನಾಲ್ಕು ಸ್ಯಾಂಪಲ್ ಕೊಟ್ಟರೆ ಅಲ್ಲೂ ಇದೇ ಫಲ, ಸೈಡ್‌ಲೋಬಿಗೆ ಬೆಲೆ ತೆರಬೇಕಾಗಿಲ್ಲ. ನಾವು ಮಾಡಿದ್ದು ಇಷ್ಟೇ. ತಗಡಿನ ಹಾಳೆ ಸ್ಕ್ರೀನ್ ಮೇಲೆ ಎದ್ದು ನಿಂತಿತು.

ಗದ್ದಲಕ್ಕೆ ಎರಡನೇ ಉತ್ತರ

ಯುದ್ಧ ಮುಗಿದ ಮೇಲೆ ಆರ್ಮ್‌ಸ್ಟ್ರಾಂಗ್ ಮೇಜರ್ ಆಗಿ ಊರಿಗೆ ಬಂದರು. ಕೊನೆಯವರೆಗೂ ಜನ ಅವರನ್ನ ಮೇಜರ್ ಅಂತಲೇ ಕರೆದರು. 1920ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಅವರ ಪೇಟೆಂಟುಗಳನ್ನ 3,35,000 ಡಾಲರಿಗೆ ಕೊಂಡಿತು. ಆಮೇಲೆ ಮಾಡಿದ ಸೂಪರ್‌ರೀಜನರೇಟಿವ್ ಸರ್ಕ್ಯೂಟಿಗೆ ಆರ್‌ಸಿಎ ಹಣದ ಜೊತೆ ಷೇರುಗಳನ್ನೂ ಕೊಟ್ಟಿತು. ಆ ಕಂಪನಿಯಲ್ಲಿ ಅತಿ ಹೆಚ್ಚು ಷೇರು ಇದ್ದ ಖಾಸಗಿ ವ್ಯಕ್ತಿ ಇವರೇ ಆದರು.

ಸಾರ್ನಾಫ್ ಅವರ ಸೆಕ್ರೆಟರಿಯಾಗಿದ್ದ ಮೇರಿಯನ್ ಮೆಕಿನ್ನಿಸ್ ಅವರ ಮೇಲೆ ಮೇಜರ್‌ಗೆ ಮನಸ್ಸಾಯಿತು. 1923ರಲ್ಲಿ ನ್ಯೂಯಾರ್ಕಿನ ಎತ್ತರದ ಕಟ್ಟಡದ ಮೇಲಿದ್ದ ಆರ್‌ಸಿಎ ಆಂಟೆನಾ ಗೋಪುರದ ತುದಿಗೆ ಹತ್ತಿ ಫೋಟೋ ತೆಗೆಸಿಕೊಂಡರು. ಸಾರ್ನಾಫ್ ಸಿಟ್ಟಾಗಿ ಸ್ಟೇಷನ್ನಿನ ಒಳಗೆ ಬಿಡಬೇಡಿ ಅಂತ ಅಪ್ಪಣೆ ಮಾಡಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಮದುವೆ ಆಯಿತು. ಮೇಜರ್ ಹೆಂಡತಿಗೆ ಕೊಟ್ಟ ಉಡುಗೊರೆ ಏನು? ಎತ್ತಿಕೊಂಡು ಹೋಗಬಹುದಾದ ಒಂದು ಸೂಪರ್‌ಹೆಟ್ ರೇಡಿಯೋ!

ಆಗಿನ ಎಎಂ ರೇಡಿಯೋದಲ್ಲಿ ಸಿಡಿಲು ಹೊಡೆದರೆ, ಮೋಟಾರು ತಿರುಗಿದರೆ ಗರಗರ ಸದ್ದು. ಕಾರಣ ಸರಳ: ಧ್ವನಿಯನ್ನ ಅಲೆಯ ಎತ್ತರದಲ್ಲಿ ಬರೆಯುತ್ತೇವೆ, ಗದ್ದಲವೂ ಅಲೆಯ ಎತ್ತರವನ್ನೇ ಕೆಡಿಸುತ್ತದೆ. ಮತ್ತೆ ಅದೇ ಕಥೆ, ಸಿಗ್ನಲ್ಲೂ ಕಸವೂ ಒಂದೇ ಜಾಗದಲ್ಲಿ. ಧ್ವನಿಯನ್ನ ಎತ್ತರದ ಬದಲು ಫ್ರೀಕ್ವೆನ್ಸಿಯಲ್ಲಿ ಬರೆದರೆ ಹೇಗೆ ಅನ್ನೋ ಪ್ರಶ್ನೆ ಹೊಸದೇನಲ್ಲ. 1922ರಲ್ಲಿ ಜಾನ್ ಕಾರ್ಸನ್ ಎಂಬ ಗಣಿತ ಬಲ್ಲ ಎಂಜಿನಿಯರ್ ಲೆಕ್ಕ ಹಾಕಿ, ಎಫ್‌ಎಂನಿಂದ ಬ್ಯಾಂಡ್‌ವಿಡ್ತ್ ಉಳಿಯೋದಿಲ್ಲ, ಲಾಭವಿಲ್ಲ ಅಂತ ಬರೆದಿದ್ದರು. ಲೆಕ್ಕ ಸರಿಯೇ. ಆದರೆ ಎಲ್ಲರೂ ಬ್ಯಾಂಡನ್ನ ಕಿರಿದು ಮಾಡಲು ನೋಡುತ್ತಿದ್ದರು. ಆರ್ಮ್‌ಸ್ಟ್ರಾಂಗ್ ಉಲ್ಟಾ ಹೊರಟು ಅದನ್ನ ಅಗಲ ಮಾಡಿದರು. ಎತ್ತರದ ಏರಿಳಿತವನ್ನ ಲಿಮಿಟರ್‌ನಿಂದ ಕತ್ತರಿಸಿ ಎಸೆದರು. ಗದ್ದಲ ಬಿದ್ದುಹೋಯಿತು. 1933ರ ಡಿಸೆಂಬರ್ 26ರಂದು ಎಫ್‌ಎಂ ಪೇಟೆಂಟುಗಳು ಬಂದವು.

1935ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಎಂಜಿನಿಯರುಗಳ ಸಭೆಯಲ್ಲಿ ಅವರು ಪ್ರಬಂಧ ಓದಿ ಮುಗಿಸಿ ರಿಸೀವರ್ ಹಚ್ಚಿದರು. ಯಾಂಕರ್ಸ್‌ನಲ್ಲಿ ಗೆಳೆಯನ ಮನೆಯಿಂದ ಪ್ರಸಾರ. ಲೋಟಕ್ಕೆ ನೀರು ಸುರಿಯೋ ಸದ್ದು, ಕಾಗದ ಮುದುಡೋ ಸದ್ದು ಪಕ್ಕದಲ್ಲೇ ನಡೆದಂತೆ ಕೇಳಿಸಿತು. ರೇಡಿಯೋದಲ್ಲಿ ನಿಶ್ಶಬ್ದ ಅಂದರೆ ಏನು ಅಂತ ಆ ಸಭೆಗೆ ಅವತ್ತು ಗೊತ್ತಾಯಿತು.

ಸರಿಯಲಾಗದ ಜಾಗ

ಗೆಳೆಯ ಸಾರ್ನಾಫ್ ಮೊದಲು ಆಸಕ್ತಿ ತೋರಿಸಿದ್ದರು. ಎಂಪೈರ್ ಸ್ಟೇಟ್ ಕಟ್ಟಡದ ಮೇಲಿನ ಆರ್‌ಸಿಎ ಜಾಗದಲ್ಲಿ 1934ರಿಂದ ಎಫ್‌ಎಂ ಪರೀಕ್ಷೆಗಳು ನಡೆದವು, ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಆರ್‌ಸಿಎ ದುಡ್ಡು ಇದ್ದದ್ದು ಎಎಂ ಸ್ಟೇಷನ್ನುಗಳಲ್ಲಿ, ಮುಂದಿನ ಕನಸು ಟಿವಿಯಲ್ಲಿ. 1935ರಲ್ಲಿ ಸಾಮಾನು ತೆರವು ಮಾಡಿ ಅಂದರು. ಮೇಜರ್ ಸ್ವಂತ ದುಡ್ಡಿನಲ್ಲಿ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ 425 ಅಡಿಯ ಗೋಪುರ ಕಟ್ಟಿ ಪ್ರಸಾರ ಶುರು ಮಾಡಿದರು. ಅಂಗಳದಲ್ಲಿ ಕಂಬ ನೆಟ್ಟಿದ್ದ ಹುಡುಗನೇ ಅಲ್ವಾ! ಎಫ್‌ಎಂ ಜನಕ್ಕೆ ಹಿಡಿಸಿತು. 1940ರಲ್ಲಿ ಸರ್ಕಾರ 42ರಿಂದ 50 ಮೆಗಾಹರ್ಟ್ಸ್ ಕೊಟ್ಟಿತು. ಆರ್‌ಸಿಎ ಒಂದೇ ಬಾರಿಗೆ ಹತ್ತು ಲಕ್ಷ ಡಾಲರ್ ಕೊಡ್ತೀವಿ ಅಂತು. ಬೇರೆ ಕಂಪನಿಗಳು ರಾಯಲ್ಟಿ ಕೊಡುವಾಗ ಇವರಿಗೆ ಮಾತ್ರ ಯಾಕೆ ರಿಯಾಯಿತಿ ಅಂತ ಆರ್ಮ್‌ಸ್ಟ್ರಾಂಗ್ ಒಪ್ಪಲಿಲ್ಲ.

ಎರಡನೇ ಮಹಾಯುದ್ಧ ಬಂದಾಗ ತಮ್ಮ ಪೇಟೆಂಟುಗಳನ್ನ ಸೇನೆಗೆ ರಾಯಲ್ಟಿ ಇಲ್ಲದೆ ಬಿಟ್ಟುಕೊಟ್ಟರು. ಎಫ್‌ಎಂ ತತ್ವದ ಮೇಲೆ ದೂರ ನೋಡೋ ರೇಡಾರ್ ಮಾಡೋ ಸಂಶೋಧನೆಗೂ ಕೈ ಹಾಕಿದರು. ಚಂದ್ರನ ನಂಟು ಇಲ್ಲಿದೆ. 1946ರ ಜನವರಿ 10ರಂದು ಜಾನ್ ಡಿವಿಟ್ ಅವರ ಸೇನಾ ತಂಡ ಚಂದ್ರನತ್ತ 111.5 ಮೆಗಾಹರ್ಟ್ಸ್ ಪಲ್ಸ್ ಕಳಿಸಿತು. ಎರಡೂವರೆ ಸೆಕೆಂಡಿನ ನಂತರ ಎಕೋ ವಾಪಸ್ ಬಂತು. ಆ ರೇಡಾರಿನ ಸ್ಫಟಿಕ ನಿಯಂತ್ರಿತ ರಿಸೀವರ್ ಆರ್ಮ್‌ಸ್ಟ್ರಾಂಗ್ ಸೇನೆಗಾಗಿ ವಿನ್ಯಾಸ ಮಾಡಿದ್ದ ಉಪಕರಣದಿಂದ ಬಂದದ್ದು. ಸಿಗ್ನಲ್ ಅದರೊಳಗೆ ನಾಲ್ಕು ಬಾರಿ ಜಾಗ ಬದಲಿಸಿ, ಕೊನೆಗೆ 180 ಹರ್ಟ್ಸ್ ಐಎಫ್‌ಗೆ ಇಳಿಯುತ್ತಿತ್ತು. ಅಷ್ಟು ಕೆಳಗೆ ಬಂದರೂ ಸೊನ್ನೆಗೆ ಇಳಿಸಲಿಲ್ಲ ನೋಡಿ! ಆ ಪ್ರಯೋಗ ನಡೆದ ಜಾಗ ಬೆಲ್ಮಾರ್ ಹತ್ತಿರದ ಕ್ಯಾಂಪ್ ಇವಾನ್ಸ್, 1914ರಲ್ಲಿ ಇಬ್ಬರು ಗೆಳೆಯರು ಹೆಡ್‌ಫೋನ್ ಹಂಚಿಕೊಂಡಿದ್ದ ಅದೇ ಹಳೇ ಮಾರ್ಕೋನಿ ಸ್ಟೇಷನ್.

ಅಷ್ಟರಲ್ಲಿ 1945ರಲ್ಲಿ ಸರ್ಕಾರ ಎಫ್‌ಎಂ ಬ್ಯಾಂಡನ್ನೇ ಮೇಲಕ್ಕೆ ಎತ್ತಿ 88ರಿಂದ 108ಕ್ಕೆ ಹಾಕಿತ್ತು. ಜನರ ಮನೆಯಲ್ಲಿದ್ದ ಲಕ್ಷಾಂತರ ಎಫ್‌ಎಂ ಸೆಟ್ಟುಗಳು ಒಂದೇ ಏಟಿಗೆ ಕೆಲಸಕ್ಕೆ ಬಾರದಾದವು. ನಮ್ಮ ಫೋನಿನ ಎಫ್‌ಎಂ ಆಪ್‌ನಲ್ಲಿ ಇವತ್ತು ಕಾಣೋ ಅಂಕಿಗಳ ಹಿಂದೆ ಈ ಪೆಟ್ಟು ಇದೆ. ಇತ್ತ ಆರ್‌ಸಿಎ ತನ್ನ ಟಿವಿ ಸೆಟ್ಟುಗಳ ಧ್ವನಿಗೆ ಎಫ್‌ಎಂ ಬಳಸುತ್ತಿತ್ತು, ರಾಯಲ್ಟಿ ಮಾತ್ರ ಕೊಡಲಿಲ್ಲ.

1948ರಲ್ಲಿ ಮೇಜರ್ ಕೇಸು ಹಾಕಿದರು. ಅವರನ್ನೇ ವಾರಗಟ್ಟಲೆ, ತಿಂಗಳುಗಟ್ಟಲೆ ಪ್ರಶ್ನೆ ಕೇಳಿದರು. 1950ರಲ್ಲಿ ಪೇಟೆಂಟುಗಳ ಅವಧಿ ಮುಗಿಯಿತು, ಕೇಸು ಮುಗಿಯಲಿಲ್ಲ. ಕೂಡಿಟ್ಟ ಹಣ ವಕೀಲರಿಗೆ ಹೋಯಿತು. ಗದ್ದಲ ಇದ್ದ ಕಡೆಯಿಂದ ಸಿಗ್ನಲ್ಲನ್ನ ಸರಿಸೋದನ್ನ ಜಗತ್ತಿಗೇ ಕಲಿಸಿದವರು, ಜಗಳ ಇದ್ದ ಕಡೆಯಿಂದ ತಾವು ಮಾತ್ರ ಒಂದು ಹೆಜ್ಜೆ ಸರಿಯಲಿಲ್ಲ. ಬಿಟ್ಟುಕೊಡಬೇಕಿತ್ತು ಅಂತ ಹೇಳೋದು ನಮಗೆ ಸುಲಭ. ಅವರ ಕಡೆ ನ್ಯಾಯ ಇತ್ತು, ಅದೇ ಅವರನ್ನ ಅಲ್ಲಿ ಕಟ್ಟಿಹಾಕಿತು.

1953ರ ಕೊನೆಗೆ ಮನೆಯಲ್ಲೂ ಒಡಕು. ರಾಜಿಗೆ ಒಪ್ಪಿಕೊಳ್ಳೋ ಮಾತಿನ ಮೇಲೆ ಜಗಳವಾಗಿ, ಸಿಟ್ಟಿನಲ್ಲಿ ಮೇಜರ್ ಹೆಂಡತಿಯ ಮೇಲೆ ಕೈಮಾಡಿದರು. ಮೇರಿಯನ್ ತಂಗುವುದಕ್ಕೆ ಸೋದರಿಯ ಮನೆಗೆ ಹೋದರು. ದೊಡ್ಡವರ ಕಥೆ ಹೇಳುವಾಗ ಇಂಥದ್ದನ್ನ ಬಿಟ್ಟು ಹೇಳಬಾರದು. 1954ರ ಜನವರಿ 31ರ ರಾತ್ರಿ, ಹೆಂಡತಿಗೆ ಪಶ್ಚಾತ್ತಾಪದ ಪತ್ರ ಬರೆದಿಟ್ಟು, 63ರ ವಯಸ್ಸಿನಲ್ಲಿ ಅವರು ತಮ್ಮ ಬದುಕನ್ನ ತಾವೇ ಮುಗಿಸಿಕೊಂಡರು. ಮೊದಲ ಸರ್ಕ್ಯೂಟಿಗೆ ನೋಟರಿ ಮುದ್ರೆ ಬಿದ್ದು ಅವತ್ತಿಗೆ ಸರಿಯಾಗಿ 41 ವರ್ಷ.

ಕೇಸು ಮೇರಿಯನ್ ಕೈಗೆ ಬಂತು. ಅದೇ ವರ್ಷದ ಕೊನೆಗೆ ಆರ್‌ಸಿಎ ಸುಮಾರು ಹತ್ತು ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು, ಮೊದಲು ಕೊಡ್ತೀವಿ ಅಂದಿದ್ದ ಹೆಚ್ಚುಕಮ್ಮಿ ಅಷ್ಟೇ ಮೊತ್ತ. ಉಳಿದ ಕಂಪನಿಗಳ ವಿರುದ್ಧ ಆಕೆ ಒಂದೊಂದಾಗಿ ಹೋರಾಡಿದರು. 1967ರಲ್ಲಿ ಕೊನೆಯ ಕೇಸೂ ಗೆದ್ದರು. ಗಂಡ ಸೋತು ಕೂತ ಜಾಗದಿಂದ ಎದ್ದು 13 ವರ್ಷ ನಡೆದವರು ಅವರು. ಎಫ್‌ಎಂ ಆರ್ಮ್‌ಸ್ಟ್ರಾಂಗ್ ಅವರದ್ದೇ ಅಂತ ಕೋರ್ಟಿನಲ್ಲೇ ನಿಂತಿತು.

ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಡಿಸಿ ಆಫ್‌ಸೆಟ್ ತೆಗೆದದ್ದು ಹೇಗೆ ಅನ್ನೋದಕ್ಕೆ ಅರ್ಧ ಪುಟ ಸಾಕಾಯಿತು. ವೈವಾದಲ್ಲಿ ಅದರ ಬಗ್ಗೆ ಒಂದೇ ಪ್ರಶ್ನೆ ಕೇಳಿದರು. ಆದ್ರೆ ಜೂನಿಯರ್‌ಗಳಿಗೆ ಎರಡು ಮಾತು ಹೇಳಬೇಕು ಅನ್ನಿಸಿ ಇಷ್ಟುದ್ದ ಬರೆದೆ. ಒಂದು, ಸ್ಕ್ರೀನ್ ಮಧ್ಯೆ ಮೊಳೆ ಕಂಡರೆ ಅದನ್ನ ಕೀಳೋದಕ್ಕೆ ಮುಂಚೆ, ನಿಮ್ಮ ಸಿಗ್ನಲ್ ಅಲ್ಲೇ ಕೂರಬೇಕಾ ಅಂತ ಕೇಳಿಕೊಳ್ಳಿ. ಎರಡು, ಹಾಗೇ ಬ್ಯಾಕ್‌ಲಾಗು, ಪ್ಲೇಸ್‌ಮೆಂಟು, ಯಾರದ್ದೋ ಜೊತೆ ಜಗಳ ತಲೆಯೊಳಗೆ ಒಂದೇ ಸಮ ನಿಂತುಬಿಟ್ಟರೆ ಒಬ್ಬರೇ ಕೂತು ಅದರ ಜೊತೆ ಗುದ್ದಾಡಬೇಡಿ. ರೂಮ್‌ಮೇಟ್ ಹತ್ರನೋ, ಮನೆಯವರ ಹತ್ರನೋ, ಮೇಷ್ಟ್ರ ಹತ್ರನೋ ಹೋಗಿ ಮಾತಾಡಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಇವತ್ತು ಹಾಸ್ಟೆಲ್ಲಿಗೆ ವಾಪಸ್ ಹೋಗುವಾಗ ಬಸ್ಸಲ್ಲಿ ಎಫ್‌ಎಂ ಹಾಕಿದರೆ, ಎರಡು ಹಾಡಿನ ಮಧ್ಯೆ ಬರೋ ಆ ಒಂದು ಕ್ಷಣದ ಮೌನ ಕೇಳಿಸಿಕೊಳ್ಳಿ. ಗರಗರ ಇರೋದಿಲ್ಲ. ಆ ಮೌನ ಮೇಜರ್ ಅವರದ್ದು.